ಶಾಲೆಯಲ್ಲಿ ಕಾಟ, ಮನೆಯಲ್ಲಿ ಮೌನ



ಗುಲಾಬಿ ಹೂಗಳನ್ನೂ ಶಿಲುಬೆಯನ್ನೂ ಎದೆಗಪ್ಪಿಕೊಂಡ ಲಿಸಿಯದ ಸಂತ ತೆರೇಸಮ್ಮನವರ ಚಿತ್ರ ನಿಮ್ಮ ಮನೆಯಲ್ಲಿಯೂ ಇರಬಹುದು. ಇಲ್ಲವಾದರೆ ಯಾವುದಾದರೊಂದು ದೇವಾಲಯದಲ್ಲಿ ಅವರ ಸ್ವರೂಪವನ್ನು ನೋಡಿಯೇ ಇರುತ್ತೀರಿ. ಆ ಶಾಂತ ಮುಖವನ್ನು ನೋಡಿದವರಿಗೆ ಈ ಸಂತರ ಶಾಲೆಯ ದಿನಗಳು ಕಣ್ಣೀರಿನ ದಿನಗಳಾಗಿದ್ದವು ಎಂಬುದು ಹೊಳೆಯುವುದಿಲ್ಲ.

ಫ್ರಾನ್ಸ್ ದೇಶದ ಲಿಸಿಯ ಪಟ್ಟಣದಲ್ಲಿ ಬೆನೆಡಿಕ್ಟಿನ್ ಸಭೆಯ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಶಾಲೆಗೆ ತೆರೇಸಾ ಸೇರಿದ್ದು 1881ರ ಅಕ್ಟೋಬರ್‌ನಲ್ಲಿ. ಆಗ ಅವಳಿಗೆ ಎಂಟೂವರೆ ವರ್ಷ. ಓದಿನಲ್ಲಿ ಚುರುಕಾಗಿದ್ದುದರಿಂದ ತನಗಿಂತ ದೊಡ್ಡ ಹುಡುಗಿಯರಿದ್ದ ತರಗತಿಯಲ್ಲಿ ಅವಳನ್ನು ಕೂರಿಸಿದರು. ಆ ತರಗತಿಯಲ್ಲಿ ಹದಿಮೂರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿದ್ದಳು. ಪಾಠದಲ್ಲಿ ಹಿಂದೆ, ಆದರೆ ಉಳಿದ ಹುಡುಗಿಯರನ್ನು ತನ್ನ ಮಾತಿನಂತೆ ಕುಣಿಸುವುದರಲ್ಲಿ ಮುಂದೆ. ಇಷ್ಟು ಚಿಕ್ಕವಳು ಮೊದಲ ಸ್ಥಾನ ಪಡೆಯುವುದು, ಸಿಸ್ಟರುಗಳು ಅವಳನ್ನು ಅಕ್ಕರೆಯಿಂದ ಕಾಣುವುದು ಇವಳಿಗೆ ಸಹಿಸಲಿಲ್ಲ. ನಾನಾ ಬಗೆಯಲ್ಲಿ ಅವಳನ್ನು ಗೋಳು ಹೊಯ್ದುಕೊಂಡಳು.

ತೆರೇಸಾ ಏನು ಮಾಡಿದಳು? ಎದುರು ನಿಲ್ಲುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಸುಮ್ಮನೆ ಅತ್ತಳು. ಸಂಜೆ ಮನೆಗೆ ಬಂದವಳೇ ತಂದೆಯ ತೊಡೆಯೇರಿ ಅಂದು ಬಂದ ಅಂಕಗಳನ್ನು ಒಪ್ಪಿಸುತ್ತಿದ್ದಳು. ತಂದೆ ಮುತ್ತಿಡುತ್ತಿದ್ದರು, ಅಷ್ಟಕ್ಕೆ ದುಃಖ ಮರೆಯುತ್ತಿತ್ತು. ಅಂಕಗಳ ಮಾತು ಬಂತು, ಅಳುವಿನ ಮಾತು ಬರಲಿಲ್ಲ. ತಾಯಿ ತೀರಿಕೊಂಡ ಮೇಲೆ ತಾಯಿಯಾಗಿ ನಿಂತಿದ್ದ ಅಕ್ಕ ಪೌಲಿನ್‌ಗೂ ಅವಳು ಬಾಯಿಬಿಡಲಿಲ್ಲ. ಇದನ್ನೆಲ್ಲ ಅವರೇ ಮುಂದೆ ಕಾರ್ಮೆಲ್ ಮಠದಲ್ಲಿದ್ದಾಗ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಐದು ವರ್ಷಗಳು ತಮ್ಮ ಬಾಳಿನ ಅತ್ಯಂತ ದುಃಖದ ವರ್ಷಗಳೆಂದೂ, ಅದೇ ಶಾಲೆಯಲ್ಲಿ ಇನ್ನೊಬ್ಬ ಅಕ್ಕ ಸೆಲಿನ್ ಜೊತೆಗಿರದಿದ್ದರೆ ಒಂದು ತಿಂಗಳೊಳಗೆ ಕಾಯಿಲೆ ಬೀಳುತ್ತಿದ್ದೆನೆಂದೂ ಹೇಳಿಕೊಂಡಿದ್ದಾರೆ.

ಅವರ ತಂದೆ ಲೂಯಿ ಮಾರ್ಟಿನ್‌ರವರನ್ನು ತಾಯಿ ಝೆಲಿಯವರ ಜೊತೆಯಲ್ಲಿ 2015ರ ಅಕ್ಟೋಬರ್‌ನಲ್ಲಿ ಧರ್ಮಸಭೆ ಸಂತರೆಂದು ಘೋಷಿಸಿತು. ಅಂದರೆ ಅದು ಪ್ರೀತಿಗೆ ಬಡತನವಿದ್ದ ಮನೆಯಲ್ಲ, ಪ್ರಾರ್ಥನೆಗೆ ಕೊರತೆಯಿದ್ದ ಮನೆಯಂತೂ ಅಲ್ಲವೇ ಅಲ್ಲ. ಆದರೂ ಮಗು ತನ್ನ ನೋವನ್ನು ಬಾಯಿಬಿಟ್ಟು ಹೇಳಲಿಲ್ಲ. ಆದ್ದರಿಂದ "ನಮ್ಮ ಮಕ್ಕಳು ನಮ್ಮಿಂದ ಏನನ್ನೂ ಮುಚ್ಚಿಡುವುದಿಲ್ಲ" ಎಂದು ಧೈರ್ಯವಾಗಿ ಹೇಳುವ ತಂದೆತಾಯಿಗಳನ್ನು ಕಂಡರೆ ನನಗೆ ಸ್ವಲ್ಪ ಭಯವೇ ಆಗುತ್ತದೆ. ಈ ವಾರ ನಾವು ಯೋಚಿಸಬೇಕಾದದ್ದು ಶಾಲೆಯ ಈ ಕಾಟದ ಬಗ್ಗೆ, ಅದನ್ನು ಬೆಳೆಸುವ ಮೌನದ ಬಗ್ಗೆ.

ಜಗಳ ಬೇರೆ, ಕಾಟ ಬೇರೆ

ಮಕ್ಕಳೆಂದ ಮೇಲೆ ಜಗಳವಾಡುತ್ತಾರೆ. ಬೆಳಿಗ್ಗೆ ಟೂ ಬಿಟ್ಟವರು ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಾರೆ. ಅದಕ್ಕೆಲ್ಲ ದೊಡ್ಡವರು ತಲೆಹಾಕಬೇಕಾಗಿಲ್ಲ. ಕಾಟದ ಸ್ವರೂಪ ಇದಲ್ಲ. ಸ್ವೀಡನ್‌ನಲ್ಲಿ ಹುಟ್ಟಿ ನಾರ್ವೆ ದೇಶದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ 1970ರ ದಶಕದಿಂದಲೇ ಇದನ್ನು ಅಭ್ಯಾಸ ಮಾಡಿ ಮೂರು ಗುರುತುಗಳನ್ನು ಕೊಟ್ಟರು. ನೋಯಿಸಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ನೋಯುವವನಿಗೆ ತಿರುಗಿ ನಿಲ್ಲುವ ಬಲವಿಲ್ಲದಿರುವುದು. ಈ ಬಲವೆಂದರೆ ತೋಳಿನ ಬಲವೇ ಆಗಬೇಕಿಲ್ಲ. ಗುಂಪಿನ ಬಲ, ಹಣದ ಬಲ, ಭಾಷೆಯ ಬಲ, ಅಪ್ಪನ ಹುದ್ದೆಯ ಬಲ, ಎಲ್ಲವೂ ಬಲವೇ. 1982ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ಮೂವರು ಹುಡುಗರು ಪ್ರಾಣ ಕಳೆದುಕೊಂಡಾಗ, ಸಹಪಾಠಿಗಳ ಕಾಟವೇ ಅದಕ್ಕೆ ಕಾರಣವಿರಬಹುದೆಂದು ಇಡೀ ದೇಶ ಬೆಚ್ಚಿತು. ಮರುವರ್ಷವೇ ಅಲ್ಲಿನ ಸರ್ಕಾರ ಶಾಲೆ ಶಾಲೆಗಳಲ್ಲಿ ಇದರ ವಿರುದ್ಧ ಕೆಲಸ ಆರಂಭಿಸಿತು. ಬರ್ಗನ್ ನಗರದ ಶಾಲೆಗಳಲ್ಲಿ ಎರಡು ವರ್ಷಗಳಲ್ಲಿ ಕಾಟದ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತೆಂದು ಓಲ್ವೇಯಸ್ ವರದಿ ಮಾಡಿದರು. "ಇದೆಲ್ಲ ಇದ್ದದ್ದೇ, ಏನು ಮಾಡಲಾಗುತ್ತದೆ" ಎನ್ನುವವರು ಈ ಮಾತನ್ನು ಗಮನಿಸಬೇಕು. ಮಾಡಿದರೆ ಕಡಿಮೆಯಾಗುತ್ತದೆ.

ನಮ್ಮ ಶಾಲೆಗಳಲ್ಲಿ ಇದು ಯಾವ ವೇಷದಲ್ಲಿ ಬರುತ್ತದೆ? ಬಹುಪಾಲು ಅಡ್ಡಹೆಸರಿನಿಂದ ಆರಂಭ. ಡುಮ್ಮ, ಕರಿಯ, ಸೋಡಾಬುಡ್ಡಿ, ತೊದಲ. ಶುಲ್ಕದಲ್ಲಿ ರಿಯಾಯಿತಿ ಪಡೆದ ಮಗುವಿಗೆ "ಪುಕ್ಕಟೆ ಸೀಟು" ಎಂಬ ಬಿರುದು. ಹಳ್ಳಿಯಿಂದ ಬಂದು ಬೋರ್ಡಿಂಗ್‌ನಲ್ಲಿರುವ ಹುಡುಗನ ಇಂಗ್ಲಿಷನ್ನು ಅಣಕಿಸುವುದು, ಡಬ್ಬಿಯಲ್ಲಿ ತಂದ ಊಟಕ್ಕೆ ಮೂಗು ಮುಚ್ಚಿಕೊಳ್ಳುವುದು, ಜಾತಿಯನ್ನೋ ಮನೆಮಾತನ್ನೋ ಎತ್ತಿ ಚುಚ್ಚುವುದು. ಇನ್ನು ಕೆಲವು ಕಣ್ಣಿಗೇ ಬೀಳುವುದಿಲ್ಲ. ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಗುಂಪಿನಿಂದ ಹೊರಗಿಟ್ಟು, ಅವಳು ಬಂದೊಡನೆ ಮಾತು ನಿಲ್ಲಿಸುವುದುಂಟು. ಹೊಡೆತದ ಗುರುತು ಎಲ್ಲೂ ಇಲ್ಲ, ಆದರೆ ಮಗು ಒಳಗೊಳಗೇ ಸೊರಗುತ್ತದೆ. ಈಗ ಇದಕ್ಕೆ ಮೊಬೈಲ್ ಬೇರೆ ಸೇರಿದೆ. ಮೊದಲಾದರೆ ಶಾಲೆಯ ಗೇಟು ದಾಟಿದರೆ ಕಾಟ ಅಲ್ಲಿಗೆ ನಿಲ್ಲುತ್ತಿತ್ತು. ಈಗ ವಾಟ್ಸಾಪ್ ಗುಂಪಿನೊಳಗೆ, ಇನ್‌ಸ್ಟಾಗ್ರಾಮಿನೊಳಗೆ ಅದು ಮನೆಗೂ ಬರುತ್ತದೆ, ರಾತ್ರಿ ಹಾಸಿಗೆಗೂ ಬರುತ್ತದೆ. ಸಂಜೆಯಾದರೆ ತೆರೇಸಾಗೆ ತಂದೆಯ ತೊಡೆ ಸಿಗುತ್ತಿತ್ತು. ನಮ್ಮ ಮಕ್ಕಳಿಗೆ ಆ ಸಂಜೆಯೂ ಇಲ್ಲವಾಗಿದೆ.

ಮಗು ಏಕೆ ಹೇಳುವುದಿಲ್ಲ?

ಕಾರಣಗಳು ಹಲವು. ಹೇಳಿದರೆ ಕಾಟ ಇನ್ನೂ ಹೆಚ್ಚಾದೀತೆಂಬ ಭಯ ಮೊದಲನೆಯದು, ಅದು ಸುಳ್ಳು ಭಯವೂ ಅಲ್ಲ. "ಚಾಡಿಕೋರ" ಎನಿಸಿಕೊಳ್ಳುವ ಅಂಜಿಕೆ ಇನ್ನೊಂದು. ಎಲ್ಲಕ್ಕಿಂತ ಹೆಚ್ಚಿನದು ನಾಚಿಕೆ. ತನ್ನಲ್ಲೇ ಏನೋ ದೋಷವಿರುವುದರಿಂದ ಹೀಗಾಗುತ್ತಿದೆ ಎಂದು ಮಗು ನಂಬಿಬಿಡುತ್ತದೆ. ಕಷ್ಟಪಟ್ಟು ಶುಲ್ಕ ಕಟ್ಟುವ ಅಪ್ಪ ಅಮ್ಮನಿಗೆ ಇನ್ನೊಂದು ಚಿಂತೆ ಏಕೆ ಎಂದು ಬಾಯಿ ಮುಚ್ಚಿಕೊಳ್ಳುವ ದೊಡ್ಡ ಮನಸ್ಸಿನ ಮಕ್ಕಳೂ ಇದ್ದಾರೆ.

ಬಾಯಿ ಹೇಳದಿದ್ದುದನ್ನು ಮೈ ಹೇಳುತ್ತದೆ. ಭಾನುವಾರ ರಾತ್ರಿ ಹೊಟ್ಟೆನೋವು, ಸೋಮವಾರ ಬೆಳಿಗ್ಗೆ ತಲೆನೋವು, ರಜೆಯ ದಿನ ಯಾವ ನೋವೂ ಇಲ್ಲ. ಪೆನ್ನು, ಪುಸ್ತಕ, ನೀರಿನ ಬಾಟಲಿ ಪದೇ ಪದೇ "ಕಳೆದುಹೋಗುತ್ತವೆ". ಶಾಲೆಯಿಂದ ಬಂದ ಮಗು ನೇರವಾಗಿ ಬಚ್ಚಲುಮನೆಗೆ ಓಡುತ್ತದೆ, ಏಕೆಂದರೆ ಶಾಲೆಯ ಶೌಚಾಲಯಕ್ಕೆ ಹೋಗಲು ಅದಕ್ಕೆ ಹೆದರಿಕೆ. ಡಬ್ಬಿಯ ಊಟ ಹಾಗೇ ವಾಪಸು ಬರುತ್ತದೆ, ಇಲ್ಲವೇ ಮಗು ಹಸಿದು ಬರುತ್ತದೆ. ಇಷ್ಟದ ಆಟ ಬಿಡುತ್ತದೆ, ತಮ್ಮತಂಗಿಯರ ಮೇಲೆ ರೇಗುತ್ತದೆ, ಮೊಬೈಲ್ ಸದ್ದಾದರೆ ಬೆಚ್ಚುತ್ತದೆ. ಇವುಗಳಲ್ಲಿ ಒಂದು ಕಂಡಾಕ್ಷಣ ಕಾಟವೆಂದು ತೀರ್ಮಾನಿಸಬೇಡಿ. ಎರಡು ಮೂರು ಒಟ್ಟಿಗೆ ಕಂಡರೆ, ದಿನಗಟ್ಟಲೆ ಉಳಿದರೆ, ಕೇಳುವ ಸಮಯ ಬಂದಿದೆ.

ಕೇಳುವುದಕ್ಕೂ ಒಂದು ರೀತಿಯಿದೆ. ಎದುರಿಗೆ ಕೂರಿಸಿಕೊಂಡು ವಿಚಾರಣೆ ನಡೆಸಿದರೆ ಮಗು ಚಿಪ್ಪಿನೊಳಕ್ಕೆ ಹೋಗುತ್ತದೆ. ಅವರೆಕಾಳು ಸುಲಿಯುವಾಗ, ಬೈಕಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗ, ರಾತ್ರಿಯ ಜಪಸರದ ನಂತರ ದೀಪ ಆರಿಸಿದ ಮೇಲೆ ಮಾತು ಸುಲಭವಾಗಿ ಬರುತ್ತದೆ. "ಇವತ್ತು ಎಷ್ಟು ಮಾರ್ಕ್ಸ್ ಬಂತು?" ಎಂಬ ಪ್ರಶ್ನೆಗೆ ಉತ್ತರ ಮಾರ್ಕ್ಸಿನಷ್ಟೇ. "ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?", "ನಿಮ್ಮ ಕ್ಲಾಸಿನಲ್ಲಿ ಯಾರೂ ಮಾತನಾಡಿಸದ ಹುಡುಗ ಯಾರಾದರೂ ಇದ್ದಾನೆಯೇ?" ಎಂದು ಕೇಳಿ ನೋಡಿ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ತನ್ನದೇ ಕಥೆಯಾಗಿರುತ್ತದೆ.

ಮಗು ಹೇಳಿತೆನ್ನೋಣ. ಆ ಮೊದಲ ಐದು ನಿಮಿಷದಲ್ಲಿ ನೀವು ಏನು ಹೇಳುತ್ತೀರೋ ಅದರ ಮೇಲೆ ಮುಂದಿನದೆಲ್ಲ ನಿಂತಿದೆ. "ನೀನೇನು ಮಾಡಿದ್ದೆ ಮೊದಲು?" ಎಂದು ಕೇಳಿದಿರೋ, ಬಾಗಿಲು ಮುಚ್ಚಿತು. "ಗಂಡು ಹುಡುಗ ಅಳ್ತೀಯಾ? ನೀನೂ ಎರಡು ಬಾರಿಸಬೇಕಿತ್ತು" ಎಂದರೂ ಅಷ್ಟೇ. ಬಾರಿಸುವ ಬಲವಿದ್ದಿದ್ದರೆ ಅವನು ನಿಮ್ಮ ಬಳಿಗೆ ಬರುತ್ತಲೇ ಇರಲಿಲ್ಲ.

ನಮ್ಮ ಭಕ್ತಿವಂತ ಮನೆಗಳಲ್ಲಿ ಇನ್ನೊಂದು ಮಾತು ಬರುತ್ತದೆ. "ಸಹಿಸಿಕೊಳ್ಳಪ್ಪಾ, ಯೇಸುಸ್ವಾಮಿ ಇನ್ನೊಂದು ಕೆನ್ನೆ ತೋರಿಸು ಅಂದಿಲ್ಲವೇ?" ಈ ಮಾತನ್ನು ಸ್ವಲ್ಪ ನಿಂತು ನೋಡಬೇಕು. ಸೇಡು ತೀರಿಸಿಕೊಳ್ಳಬೇಡಿ ಎಂದು ಪ್ರಭು ಬೋಧಿಸಿದ್ದು ನಿಜ. ಆದರೆ ಅವರ ಕೆನ್ನೆಗೇ ಹೊಡೆತ ಬಿದ್ದಾಗ ಅವರು ಏನು ಮಾಡಿದರು? ಸಂತ ಯೊವಾನ್ನನ ಶುಭಸಂದೇಶದ 18ನೆಯ ಅಧ್ಯಾಯ ತೆರೆಯಿರಿ. ಅನ್ನನ ಮುಂದೆ ವಿಚಾರಣೆಯ ವೇಳೆ ಕಾವಲುಗಾರನೊಬ್ಬ ಹೊಡೆಯುತ್ತಾನೆ. ಯೇಸು ತಿರುಗಿ ಹೊಡೆಯಲಿಲ್ಲ. ಹಾಗೆಂದು ಸುಮ್ಮನೆಯೂ ಇರಲಿಲ್ಲ. ತಾನು ಹೇಳಿದ್ದರಲ್ಲಿ ತಪ್ಪಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದೇಕೆ ಎಂದು ಎಲ್ಲರೆದುರಿಗೆ ಕೇಳಿದರು. ತಪ್ಪನ್ನು ತಪ್ಪೆಂದು ಹೇಳುವುದು ಸೇಡಲ್ಲ. ಎಂಟು ವರ್ಷದ ಮಗುವಿನ ತಲೆಯ ಮೇಲೆ "ಸಹನೆ" ಎಂಬ ಮೂಟೆ ಹೊರಿಸಿ ನಾವು ಕೈತೊಳೆದುಕೊಳ್ಳುವುದು ಶುಭಸಂದೇಶದ ಬೋಧನೆಯಲ್ಲ.

ಹಾಗಾದರೆ ಹೇಳಬೇಕಾದದ್ದೇನು? "ಹೇಳಿದ್ದು ಒಳ್ಳೆಯದಾಯಿತು. ಇದರಲ್ಲಿ ನಿನ್ನ ತಪ್ಪಿಲ್ಲ. ಮುಂದೆ ಏನು ಮಾಡಬೇಕೆಂದು ಇಬ್ಬರೂ ಕೂಡಿ ಯೋಚಿಸೋಣ." ಇಷ್ಟೇ ಸಾಕು. ನಿಮ್ಮ ಮಗುವಿಗೆ ತಿಳಿಸದೆ ಮರುದಿನ ಶಾಲೆಯಲ್ಲಿ ಗಲಾಟೆ ಮಾಡಲು ಹೋಗಬೇಡಿ.

ರೂಬೇನ ತಡವಾಗಿ ಬಂದ

ಆದಿಕಾಂಡದ 37ನೆಯ ಅಧ್ಯಾಯದಲ್ಲಿರುವ ಜೋಸೆಫನ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದನ್ನು ಶಾಲೆಯ ಕಾಟದ ಕಥೆಯಾಗಿ ಒಮ್ಮೆ ಓದಿ ನೋಡಿ, ಎಲ್ಲವೂ ಅದರಲ್ಲಿದೆ. ಅಪ್ಪನ ಮುದ್ದಿನ ಮಗನೆಂಬ ಹೊಟ್ಟೆಕಿಚ್ಚು. ನೆಟ್ಟಗೆ ಮಾತನಾಡಿಸದೆ ದೂರವಿಡುವುದು. ಆಮೇಲೆ ಅಡ್ಡಹೆಸರು: ಹದಿನೇಳು ವರ್ಷದ ತಮ್ಮ ದೂರದಲ್ಲಿ ಬರುತ್ತಿದ್ದಂತೆಯೇ ಅಣ್ಣಂದಿರು ಅವನನ್ನು ಕನಸುಗಾರನೆಂದು ಹಂಗಿಸುತ್ತಾರೆ. ಆಮೇಲೆ ಅಂಗಿ ಕಿತ್ತುಕೊಳ್ಳುವುದು. ಕೊನೆಗೆ ಪಾಳುಬಾವಿ. ತಮ್ಮನನ್ನು ಬಾವಿಗೆ ತಳ್ಳಿ ಅವರು ಮಾಡಿದ್ದೇನು ಗೊತ್ತೇ? ಊಟಕ್ಕೆ ಕುಳಿತರು.

ಅವರ ನಡುವೆ ರೂಬೇನನಿದ್ದ. ಹಿರಿಯ ಅಣ್ಣ. ಅವನು ಕೆಟ್ಟವನಲ್ಲ. ಕೊಲ್ಲಬೇಡಿ, ಬೇಕಾದರೆ ಬಾವಿಗೆ ಹಾಕಿ ಎಂದ. ಆಮೇಲೆ ಗುಟ್ಟಾಗಿ ಬಂದು ಎತ್ತಿ ಅಪ್ಪನಿಗೆ ಒಪ್ಪಿಸೋಣವೆಂಬ ಆಲೋಚನೆ ಅವನದು. ಒಳ್ಳೆಯ ಆಲೋಚನೆಯೇ. ಆದರೆ ಎಲ್ಲರೆದುರು ಬಾಯಿಬಿಟ್ಟು "ಇದು ತಪ್ಪು, ನಾನು ಬಿಡುವುದಿಲ್ಲ" ಎನ್ನುವ ಧೈರ್ಯ ಬರಲಿಲ್ಲ. ಅವನು ಮತ್ತೆ ಬಾವಿಯ ಬಳಿ ಬರುವಷ್ಟರಲ್ಲಿ ಇಪ್ಪತ್ತು ಬೆಳ್ಳಿನಾಣ್ಯಕ್ಕೆ ತಮ್ಮ ಮಾರಾಟವಾಗಿದ್ದ. ಸುಮಾರು ಇಪ್ಪತ್ತು ವರ್ಷಗಳ ಬಳಿಕ, 42ನೆಯ ಅಧ್ಯಾಯದಲ್ಲಿ, ಅಣ್ಣಂದಿರು ತಮ್ಮ ತಮ್ಮೊಳಗೆ ಮಾತನಾಡಿಕೊಳ್ಳುವಾಗಲೇ ನಮಗೆ ಗೊತ್ತಾಗುವುದು: ಜೋಸೆಫ ಅಂದು ಅಂಗಲಾಚಿ ಬೇಡಿಕೊಂಡಿದ್ದ, ಎಲ್ಲರೂ ಕೇಳಿಸಿಕೊಂಡಿದ್ದರು. ಆಗ ರೂಬೇನ ಹೇಳುವುದು, ನಾನು ಅಂದೇ ಹೇಳಿದ್ದೆನಲ್ಲವೇ ಎಂದು!

ಪ್ರತಿ ತರಗತಿಯಲ್ಲೂ ಕಾಟ ಕೊಡುವವರು ಕೆಲವರೇ. ನಿಂತು ನೋಡುವವರು ಬಹಳ. ಕೆನಡಾದ ಟೊರೊಂಟೊ ನಗರದ ಶಾಲಾ ಮೈದಾನಗಳಲ್ಲಿ ಮಕ್ಕಳ ನಡವಳಿಕೆಯನ್ನು ಕ್ಯಾಮೆರಾದಲ್ಲಿ ಚಿತ್ರಿಸಿ ಮಾಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಕಾಟದ ನೂರು ಪ್ರಸಂಗಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಸುತ್ತ ಇದ್ದರು. ಯಾರಾದರೂ ನಡುವೆ ಬಂದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ನಡುವೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಬಾರಿ, ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತು! ಒಂದು ಪರಲೋಕ ಮಂತ್ರ ಹೇಳಿ ಮುಗಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಫಿನ್‌ಲ್ಯಾಂಡ್ ದೇಶದ ತುರ್ಕು ವಿಶ್ವವಿದ್ಯಾಲಯ ರೂಪಿಸಿದ "ಕಿವಾ" ಎಂಬ ಶಾಲಾ ಕಾರ್ಯಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಕಾಟ ಕೊಡುವವನಿಗೆ ಬೇಕಾದದ್ದು ಪ್ರೇಕ್ಷಕರು, ಅವರ ನಗು. ಆ ನಗು ನಿಂತರೆ ಅವನ ಅರ್ಧ ಬಲ ಹೋಯಿತು.

ದಿವಂಗತ ಪೋಪ್ ಫ್ರಾನ್ಸಿಸ್‌ರವರು ಇದನ್ನು ಚೆನ್ನಾಗಿ ಅರಿತಿದ್ದರು. 2017ರ ಮಾರ್ಚ್ 25ರಂದು ಇಟಲಿಯ ಮಿಲಾನ್ ನಗರದ ಸ್ಯಾನ್ ಸಿರೊ ಕ್ರೀಡಾಂಗಣದಲ್ಲಿ ದೃಢೀಕರಣ ಸಂಸ್ಕಾರದ ಮಕ್ಕಳನ್ನು ಭೇಟಿಯಾದಾಗ, ಅವರಿಂದ ಯೇಸುವಿಗೆ ಒಂದು ಮಾತು ಕೊಡಿಸಿದರು. ನಾನು ಯಾರಿಗೂ ಕಾಟ ಕೊಡುವುದಿಲ್ಲ ಎಂಬುದಷ್ಟೇ ಆಗಿರಲಿಲ್ಲ ಆ ಮಾತು. ನನ್ನ ಶಾಲೆಯಲ್ಲಿ, ನನ್ನ ನೆರೆಹೊರೆಯಲ್ಲಿ ಅದು ನಡೆಯಲು ಬಿಡುವುದೂ ಇಲ್ಲ ಎಂಬುದು ಅದರ ಇನ್ನೊಂದು ಭಾಗ. ನಮ್ಮ ಧರ್ಮಕೇಂದ್ರಗಳಲ್ಲಿ ದೃಢೀಕರಣದ ತಯಾರಿ ನಡೆಸುವವರು ಈ ಎರಡನೆಯ ಭಾಗವನ್ನು ಮಕ್ಕಳ ಜೊತೆ ಮಾತನಾಡಬೇಕು. ಪವಿತ್ರಾತ್ಮರ ವರಗಳಲ್ಲಿ ಧೈರ್ಯವೂ ಒಂದೆಂದು ಬಾಯಿಪಾಠ ಮಾಡಿಸುತ್ತೇವೆ. ಆ ಧೈರ್ಯ ಹದಿಮೂರು ವರ್ಷದ ಹುಡುಗನಿಗೆ ಬೇಕಾಗುವುದು ಇಂಥ ಕಡೆಯೇ ಅಲ್ಲವೇ?

ಸಂತ ಡೊಮಿನಿಕ್ ಸಾವಿಯೊನ ಕಥೆ ಕೆಲವರಿಗೆ ನೆನಪಿರಬಹುದು. ಇಬ್ಬರು ಹುಡುಗರು ಕಲ್ಲು ಹಿಡಿದು ಹೊಡೆದಾಡಲು ನಿಂತಾಗ, ಕೈಯಲ್ಲಿ ಶಿಲುಬೆ ಹಿಡಿದು ನಡುವೆ ನಿಂತು, ಮೊದಲ ಕಲ್ಲು ನನ್ನ ಮೇಲೆ ಎಸೆಯಿರಿ ಎಂದವನು ಅವನು. ಹದಿನೈದು ತುಂಬುವ ಮೊದಲೇ, 1857ರಲ್ಲಿ, ತೀರಿಕೊಂಡ ಹುಡುಗ. ಆದರೆ ಎಲ್ಲ ಮಕ್ಕಳೂ ಕಲ್ಲುಗಳ ನಡುವೆ ನಿಲ್ಲಬೇಕೆಂದು ನಾವು ಕೇಳುವಂತಿಲ್ಲ, ಕೇಳಬಾರದು ಕೂಡ. ಚಿಕ್ಕ ಕೆಲಸಗಳು ಸಾಕು. ನಗದೆ ಇರುವುದು. ವಿಡಿಯೊ ಬಂದರೆ ಮುಂದಕ್ಕೆ ಕಳುಹಿಸದಿರುವುದು. "ಬಾರೋ, ಮಿಸ್ ಕರೀತಿದ್ದಾರೆ" ಎಂದು ನೊಂದವನನ್ನು ಅಲ್ಲಿಂದ ಕರೆದುಕೊಂಡು ಹೋಗುವುದು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುವುದು. ತೆರೇಸಾಳನ್ನು ಉಳಿಸಿದ್ದು ಒಬ್ಬಳೇ ಸೆಲಿನ್. ಮತ್ತು ದೊಡ್ಡವರಿಗೆ ತಿಳಿಸುವುದು. ಇಲ್ಲಿ ಮಕ್ಕಳಿಗೆ ಒಂದು ವ್ಯತ್ಯಾಸ ಕಲಿಸಿಕೊಡಿ: ಒಬ್ಬನಿಗೆ ಏಟು ಬೀಳಲೆಂದು ಹೇಳುವುದು ಚಾಡಿ, ಒಬ್ಬನಿಗೆ ಬೀಳುವ ಏಟು ತಪ್ಪಲೆಂದು ಹೇಳುವುದು ಸಹಾಯ.

ಶಾಲೆಗೆ ಹೋಗುವಾಗ

ಮೊದಲು ಬರೆದಿಡಿ. ಯಾವ ದಿನ, ಎಲ್ಲಿ, ಯಾರು, ಏನಾಯಿತು, ಯಾರು ನೋಡಿದರು. ಮೊಬೈಲ್‌ನಲ್ಲಿ ಬಂದ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಿಹಾಕಬೇಡಿ, ಅದೇ ಸಾಕ್ಷಿ. ತರಗತಿಯ ಶಿಕ್ಷಕರನ್ನು ಮೊದಲು ಕಾಣಿರಿ, ಅಲ್ಲಿ ಆಗದಿದ್ದರೆ ಮುಖ್ಯೋಪಾಧ್ಯಾಯರನ್ನು, ಆಮೇಲೆ ಆಡಳಿತ ಮಂಡಳಿಯನ್ನು. ಸಹೋದರನ ತಪ್ಪನ್ನು ಮೊದಲು ಏಕಾಂತದಲ್ಲಿ, ಕೇಳದಿದ್ದರೆ ಇಬ್ಬರು ಮೂವರ ಮುಂದೆ, ಆಮೇಲೆ ಸಭೆಯ ಮುಂದೆ ತನ್ನಿರಿ ಎಂದು ಮತ್ತಾಯನ 18ನೆಯ ಅಧ್ಯಾಯದಲ್ಲಿ ಪ್ರಭು ಹೇಳುವ ಕ್ರಮವೂ ಇದೇ ತಾನೇ? ಎರಡನೆಯ ಭೇಟಿಯಿಂದ ದೂರನ್ನು ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಕಾಟ ಕೊಟ್ಟ ಹುಡುಗನನ್ನು ನೀವೇ ಗೇಟಿನ ಬಳಿ ಹಿಡಿದು ಗದರಿಸಬೇಡಿ, ಅವನ ಮನೆಯ ಬಾಗಿಲಿಗೂ ಸಿಟ್ಟಿನಲ್ಲಿ ಹೋಗಬೇಡಿ. ಅದು ಎರಡು ಮನೆಗಳ ಜಗಳವಾಗಿ, ಮಗು ಮರೆತೇಹೋಗುತ್ತದೆ.

ಶಾಲೆಗಳು ಸಾಮಾನ್ಯವಾಗಿ ಮಾಡುವ ಒಂದು ಕೆಲಸದ ಬಗ್ಗೆ ಎಚ್ಚರಿಸಬೇಕು. ಇಬ್ಬರನ್ನೂ ಆಫೀಸಿಗೆ ಕರೆಸಿ, "ಸಾರಿ ಕೇಳು, ಕೈ ಕುಲುಕಿ, ಫ್ರೆಂಡ್ಸ್ ಆಗಿ" ಎಂದು ಹತ್ತು ನಿಮಿಷದಲ್ಲಿ ಮುಗಿಸಿಬಿಡುವುದು. ಜಗಳಕ್ಕೆ ಇದು ಸರಿ. ಕಾಟಕ್ಕೆ ಸರಿಯಲ್ಲ. ಹೆದರಿದ ಮಗು ಹೆದರಿಸಿದವನ ಎದುರು ಸತ್ಯ ಹೇಳುವುದಿಲ್ಲ. ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು, ನೋಡಿದ ಮಕ್ಕಳನ್ನೂ ಕೇಳಬೇಕು. ಒಂದು ವಾರ ಬಿಟ್ಟು, ಮತ್ತೆ ಒಂದು ತಿಂಗಳು ಬಿಟ್ಟು, "ಈಗ ಹೇಗಿದೆ?" ಎಂದು ವಿಚಾರಿಸಬೇಕು. ನೊಂದ ಮಗುವನ್ನೇ ಬೇರೆ ಸೆಕ್ಷನ್‌ಗೆ ಹಾಕಿ ಸಮಸ್ಯೆ ಬಗೆಹರಿಯಿತೆನ್ನುವುದು ನನ್ನ ಮಟ್ಟಿಗೆ ಸೋಮಾರಿತನ.

ಕ್ಷಮೆ ಬೇಡವೇ ಎಂದು ನೀವು ಕೇಳಬಹುದು. ಬೇಕು, ಖಂಡಿತ ಬೇಕು. ಆದರೆ ಮತ್ತೆ ಜೋಸೆಫನನ್ನೇ ನೋಡಿ. ಐಗುಪ್ತದಲ್ಲಿ ಅಧಿಕಾರಿಯಾಗಿದ್ದ ಅವನ ಮುಂದೆ ಅಣ್ಣಂದಿರು ಬಂದು ಅಡ್ಡಬಿದ್ದಾಗ ತಕ್ಷಣ ಅಪ್ಪಿಕೊಂಡನೇ? ಇಲ್ಲ. ಮರೆಯಲ್ಲಿ ಅತ್ತ, ಆದರೆ ಕಾದ. ಕಿರಿಯವನಾದ ಬೆನ್ಯಮೀನನನ್ನು ಈ ಅಣ್ಣಂದಿರು ಏನು ಮಾಡುತ್ತಾರೆಂದು ಪರೀಕ್ಷಿಸಿದ. ಅಂದು ಮಾರಿಬಿಡೋಣವೆಂದು ಸಲಹೆ ಕೊಟ್ಟಿದ್ದ ಯೆಹೂದನೇ ಇಂದು ಮುಂದೆ ಬಂದು, ತಮ್ಮನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಎಂದು ಬೇಡಿದ ಮೇಲೆಯೇ ಜೋಸೆಫ ತಾನಾರೆಂದು ಹೇಳಿಕೊಂಡು ಅತ್ತದ್ದು. ಕ್ಷಮಿಸುವ ಮನಸ್ಸಿಗಾಗಿ ಮಗುವಿನೊಡನೆ ಪ್ರಾರ್ಥಿಸಿ. ಅದರ ದಿನಾಂಕವನ್ನು ಆಫೀಸಿನಲ್ಲಿ ಕೂತು ನಾವು ನಿಗದಿ ಮಾಡಬಾರದು. ಮೊದಲು ಕಾಟ ನಿಲ್ಲಲಿ.

ಹೊಡೆತ, ಹಣ ಕಿತ್ತುಕೊಳ್ಳುವುದು, ಬೆದರಿಕೆ ಇತ್ಯಾದಿಗಳಿಗೆ ಬಂದರೆ ಕಾನೂನೂ ಇದೆ. ಕರ್ನಾಟಕ ಶಿಕ್ಷಣ ಕಾಯಿದೆ, 1983, ರಾಗಿಂಗನ್ನು ಶಿಕ್ಷಾರ್ಹ ಅಪರಾಧವೆನ್ನುತ್ತದೆ. ಲೈಂಗಿಕ ಸ್ವರೂಪದ ಯಾವುದೇ ಕೃತ್ಯವಾದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದೇ ಅಪರಾಧ. ಈ ಕೊನೆಯ ಮಾತನ್ನು ನಮ್ಮ ಧರ್ಮಸಭೆಯ ಶಾಲೆಗಳು, ಬೋರ್ಡಿಂಗ್‌ಗಳು ಎರಡು ಸಲ ಓದಿಕೊಳ್ಳಲಿ. ಮಗು "ಬದುಕುವುದೇ ಬೇಡ" ಎಂಬರ್ಥದ ಮಾತನ್ನು ಒಮ್ಮೆ ಆಡಿದರೂ ಹಗುರವಾಗಿ ತೆಗೆದುಕೊಳ್ಳಬೇಡಿ, ಅಂದು ಅದನ್ನು ಒಂಟಿಯಾಗಿ ಬಿಡಬೇಡಿ, ಅಂದೇ ವೈದ್ಯರನ್ನು ಕಾಣಿರಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು.

ಕಾಟ ಕೊಡುವವನು ನಿಮ್ಮ ಮಗನಾದರೆ

ಈ ಭಾಗವನ್ನು ಯಾರೂ ತಮಗಾಗಿ ಓದಿಕೊಳ್ಳುವುದಿಲ್ಲವೆಂದು ನನಗೆ ಗೊತ್ತು. ಆದರೂ ಲೆಕ್ಕ ಸರಳ: ಕಾಟಕ್ಕೊಳಗಾದ ಮಕ್ಕಳು ಇಷ್ಟು ಜನ ಇದ್ದರೆ ಕೊಟ್ಟವರೂ ಯಾರದೋ ಮನೆಯ ಮಕ್ಕಳೇ. ಶಾಲೆಯಿಂದ ಕರೆ ಬಂದಾಗ "ನಮ್ಮ ಹುಡುಗ ಅಂಥವನಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ಅದನ್ನು ನುಂಗಿಕೊಂಡು, "ಏನಾಯಿತು ಹೇಳಿ, ಕೇಳುತ್ತೇನೆ" ಎನ್ನಿ. ಮನೆಗೆ ಬಂದು ಬೆಲ್ಟ್ ತೆಗೆಯಬೇಡಿ. ಬಲವಿದ್ದವನು ಬಲವಿಲ್ಲದವನನ್ನು ಹೊಡೆಯಬಹುದೆಂಬ ಪಾಠವನ್ನೇ ಅದು ಇನ್ನೊಮ್ಮೆ ಕಲಿಸುತ್ತದೆ. ಮಾಡಿದ್ದು ಏನೆಂದು ಅವನ ಬಾಯಿಂದಲೇ ಹೇಳಿಸಿ. ಹಾಳು ಮಾಡಿದ ವಸ್ತುವನ್ನು ಅವನ ಕೈಖರ್ಚಿನ ಹಣದಿಂದಲೇ ಕೊಡಿಸಿ. ಮೊಬೈಲ್ ಅಪರಾಧವಾದರೆ ಮೊಬೈಲ್ ಕೆಲವು ಕಾಲ ನಿಮ್ಮ ಬೀರುವಿನಲ್ಲಿರಲಿ. ಅವನಿಗೇ ಯಾರೋ ಇನ್ನೊಂದು ಕಡೆ ಕಾಟ ಕೊಡುತ್ತಿಲ್ಲವೇ ಎಂಬುದನ್ನೂ ವಿಚಾರಿಸಿ, ಎಷ್ಟೋ ಸಲ ಹಾಗಿರುತ್ತದೆ.

ಜೊತೆಗೆ ಮನೆಯ ಮಾತನ್ನು ಗಮನಿಸಿ. ಕೆಲಸದವಳನ್ನು ನಾವು ಹೇಗೆ ಕರೆಯುತ್ತೇವೆ? ಊಟಕ್ಕೆ ಕೂತಾ‌ಗ ಪಕ್ಕದ ಮನೆಯವರ ಜಾತಿ, ಬಣ್ಣ, ಬಡತನವನ್ನು ಹೇಗೆ ಆಡಿಕೊಳ್ಳುತ್ತೇವೆ? ಮಕ್ಕಳಲ್ಲಿ ಒಬ್ಬನಿಗೆ ಮಾತ್ರ ಬಣ್ಣದ ಅಂಗಿ ಹೊಲಿಸಿದ ಯಕೋಬನ ತಪ್ಪು ನಮ್ಮ ಮನೆಯಲ್ಲೂ ನಡೆಯುತ್ತಿದೆಯೇ? "ನೋಡು ನಿನ್ನ ತಮ್ಮನ್ನ" ಎಂದು ದಿನವೂ ಕೇಳಿದ ಹುಡುಗ ಶಾಲೆಯಲ್ಲಿ ಯಾವುದೋ ತಮ್ಮನನ್ನು ಹುಡುಕಿಕೊಳ್ಳುತ್ತಾನೆ.

ದೊಡ್ಡವರ ಕಣ್ಣು

ಸಂತ ಡಾನ್ ಬೋಸ್ಕೊರವರು 1877ರಲ್ಲಿ ತಮ್ಮ ಶಿಕ್ಷಣ ಪದ್ಧತಿಯನ್ನು ವಿವರಿಸಿ ಒಂದು ಚಿಕ್ಕ ಪ್ರಬಂಧ ಬರೆದರು. ತಪ್ಪಾದ ಮೇಲೆ ದಂಡಿಸುವುದಕ್ಕಿಂತ ತಪ್ಪಾಗದಂತೆ ಜೊತೆಗಿರುವುದು ಮೇಲೆಂಬುದು ಅದರ ತಿರುಳು. ಬಿಡುವಿನ ವೇಳೆ ಗುರುಗಳು ಸಿಬ್ಬಂದಿ ಕೊಠಡಿಯಲ್ಲಲ್ಲ, ಮಕ್ಕಳ ನಡುವೆ ಮೈದಾನದಲ್ಲಿರಬೇಕು. ಪೊಲೀಸರಂತಲ್ಲ, ತಂದೆಯಂತೆ. ಕಾಟ ನಡೆಯುವುದು ಪಾಠದ ನಡುವೆ ಕಡಿಮೆ. ಅದು ನಡೆಯುವುದು ಶೌಚಾಲಯದ ಬಳಿ, ಮೆಟ್ಟಿಲ ತಿರುವಿನಲ್ಲಿ, ಶಾಲಾ ಬಸ್ಸಿನ ಹಿಂದಿನ ಸೀಟಿನಲ್ಲಿ, ಬೋರ್ಡಿಂಗ್‌ನಲ್ಲಾದರೆ ದೀಪ ಆರಿದ ಮೇಲೆ. ಗೇಟಿನ ಮೇಲೆ "ಇದು ಕಾಟಮುಕ್ತ ಶಾಲೆ" ಎಂದು ಫ್ಲೆಕ್ಸ್ ಕಟ್ಟುವುದು ಸುಲಭ. ಬಿಡುವಿನಲ್ಲಿ ಒಬ್ಬ ಟೀಚರ್ ಕಾಫಿ ಲೋಟ ಹಿಡಿದು ಆ ಮೆಟ್ಟಿಲ ಬಳಿ ನಿಲ್ಲುವುದು ಕಷ್ಟ. ಫಲ ಕೊಡುವುದು ಎರಡನೆಯದು. ಪೋಷಕರ ಸಭೆಯಲ್ಲಿ ಫಲಿತಾಂಶದ ಬಗ್ಗೆ ಕೇಳುವ ನಾವು ಇದನ್ನೂ ಕೇಳಬೇಕು: ಬಿಡುವಿನ ವೇಳೆ ಯಾರು ಎಲ್ಲಿರುತ್ತಾರೆ? ಬಸ್ಸಿನಲ್ಲಿ ದೊಡ್ಡವರು ಯಾರು? ಮಗು ದೂರು ಹೇಳಲು ಯಾರ ಬಳಿಗೆ ಹೋಗಬೇಕೆಂದು ಪ್ರತಿ ತರಗತಿಗೂ ಹೇಳಿದ್ದೀರಾ?

ಪೀಠಬಾಲಕರ ಗುಂಪು, ಗಾಯನವೃಂದ, ಭಾನುವಾರದ ಧರ್ಮೋಪದೇಶದ ತರಗತಿ ಇವುಗಳಲ್ಲೂ ಇಂಥದು ನಡೆಯುವುದಿಲ್ಲವೆಂದು ತಿಳಿಯಬೇಡಿ. ಹೊಸ ಹುಡುಗ ಗಂಟೆ ತಪ್ಪಾಗಿ ಬಾರಿಸಿದನೆಂದು ವಸ್ತ್ರಾಗಾರದಲ್ಲಿ ತಿಂಗಳುಗಟ್ಟಲೆ ಆಡಿಕೊಂಡರೆ ಅವನು ದೇವಾಲಯಕ್ಕೆ ಬರುವುದನ್ನೇ ಬಿಡುತ್ತಾನೆ. ಡಾನ್ ಬೋಸ್ಕೊರವರ ಕಾರ್ಯ ಶುರುವಾದದ್ದೇ ಹಾಗೆ. 1841ರ ಡಿಸೆಂಬರ್ 8ರಂದು ಪೂಜೆಗೆ ಸಹಾಯ ಮಾಡಲು ಬಾರದೆಂದು ವಸ್ತ್ರಾಗಾರದಿಂದ ಹೊಡೆಸಿಕೊಂಡು ಓಡಿದ ಬಡ ಹುಡುಗನೊಬ್ಬನನ್ನು ಅವರು ವಾಪಸು ಕರೆಸಿ, ಇವನು ನನ್ನ ಸ್ನೇಹಿತ ಎಂದರು.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಮಗುವಿನ ಶಾಲಾ ಡೈರಿಯ ಕೊನೆಯ ಹಾಳೆಯಲ್ಲಿ, ಏನಾದರೂ ಆದರೆ ಹೇಳಿಕೊಳ್ಳಬಹುದಾದ ಮೂವರು ದೊಡ್ಡವರ ಹೆಸರು ಮತ್ತು ಫೋನ್ ಸಂಖ್ಯೆ ಬರೆಸಿ. ಕೆಳಗೆ ಮಕ್ಕಳ ಸಹಾಯವಾಣಿ 1098. ಹೆಸರುಗಳನ್ನು ನೀವು ಆರಿಸಬೇಡಿ, ಮಗುವೇ ಹೇಳಲಿ. ಮೊದಲ ಹೆಸರು ನಿಮ್ಮದಾಗದೆ ಅಜ್ಜಿಯದೋ, ಸೋದರಮಾವನದೋ, ಕನ್ನಡ ಟೀಚರದೋ ಆಗಿದ್ದರೆ ಬೇಸರಪಟ್ಟುಕೊಳ್ಳಬೇಡಿ. ಆ ಸಂಜೆಯೇ ಅವರಿಗೆ ಫೋನ್ ಮಾಡಿ, ನಿಮ್ಮ ಹೆಸರು ಬರೆದಿದ್ದಾನೆ ಎಂದು ತಿಳಿಸಿ.